ರಾತ್ರಿಯ ಫೋನ್ ಯಾರು ಎತ್ತಬೇಕು? ತಾಲೂಕು ಊರಿನ ಅರಿವಳಿಕೆ ತಜ್ಞೆಯೊಬ್ಬರ ಪ್ರಕರಣ

ಈ ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಅವರೇ ಓದಿ ಕೆಲವು ಕಡೆ ತಿದ್ದಿಸಿದ್ದಾರೆ. ಊರು, ವಯಸ್ಸು, ಮನೆಯವರ ಕೆಲಸ, ಆಸ್ಪತ್ರೆಗಳ ಸಂಖ್ಯೆ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಎಲ್ಲರೂ ಕರೆಯುವಂತೆ ನಾನೂ ಅವರನ್ನು ‘ಮೇಡಂ’ ಎಂದೇ ಕರೆಯುತ್ತೇನೆ. ನಾನು ಪಕ್ಕದ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯ.

ವೈದ್ಯರ ದಣಿವಿನ ಬಗ್ಗೆ ಮಾತು ಬಂದಾಗ ನಮ್ಮ ಕಣ್ಣು ದೊಡ್ಡ ಆಸ್ಪತ್ರೆಗಳ ಕಡೆಗೆ, ಪಿಜಿ ಓದುವ ಹುಡುಗರ ಕಡೆಗೆ ಹೋಗುತ್ತದೆ. ಅಲ್ಲಿ ಕಷ್ಟ ಇರುವುದು ನಿಜ. ಆದರೆ ಅವರಿಗೆ ಕಾಗದದ ಮೇಲಾದರೂ ಒಂದು ಮಿತಿ ಇದೆ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ನಿಯಮದ ಪ್ರಕಾರ ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆಗಿಂತ ಜಾಸ್ತಿ ದುಡಿಸಬಾರದು. ಅದು ಪಾಲನೆಯಾಗದಿದ್ದಾಗ ತೋರಿಸಿ ಜಗಳ ಆಡಬಹುದು. ಚಿಕ್ಕ ಊರಿನಲ್ಲಿ ಸ್ವಂತವಾಗಿ ದುಡಿಯುವ ತಜ್ಞರು ಯಾರ ಹತ್ತಿರ ಜಗಳ ಆಡಬೇಕು? ಈ ಪ್ರಕರಣವನ್ನು ಬರೆಯಲು ಆ ಪ್ರಶ್ನೆಯೇ ಕಾರಣ.

ಹಿನ್ನೆಲೆ

ಮೇಡಂ ಅರಿವಳಿಕೆ ತಜ್ಞೆ, ಅಂದರೆ ಆಪರೇಷನ್ ಹೊತ್ತಿಗೆ ನೋವು ಗೊತ್ತಾಗದಂತೆ ಅನಸ್ತೇಶಿಯಾ ಕೊಡುವವರು. ನಲವತ್ತರ ಆಚೀಚೆಯ ವಯಸ್ಸು. ನಡು ಕರ್ನಾಟಕದ ಒಂದು ತಾಲೂಕು ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರೆ. ಗಂಡ ಕಾಲೇಜಿನಲ್ಲಿ ಲೆಕ್ಚರರ್. ಅತ್ತೆ ಜೊತೆಗಿದ್ದಾರೆ. ಮಗಳು ಆಗ ಒಂಬತ್ತನೇ ಕ್ಲಾಸು.

ಅವರು ಯಾವ ಆಸ್ಪತ್ರೆಯ ನೌಕರರೂ ಅಲ್ಲ. ಊರಿನ ಆರು ನರ್ಸಿಂಗ್ ಹೋಮ್‌ಗಳಿಗೆ ಕರೆದಾಗ ಹೋಗಿ ಅನಸ್ತೇಶಿಯಾ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಹುದ್ದೆ ಖಾಲಿ ಇದ್ದಾಗ ಅಲ್ಲಿಂದಲೂ ಕರೆ ಬರುತ್ತದೆ. ಕಾರಿನ ಡಿಕ್ಕಿಯಲ್ಲಿ ಒಂದು ಬ್ಯಾಗ್ ಸದಾ ತಯಾರು. ಗಂಟಲೊಳಗೆ ನೋಡಿ ಉಸಿರಿನ ಟ್ಯೂಬು ಹಾಕಲು ಲ್ಯಾರಿಂಗೋಸ್ಕೋಪು, ಟ್ಯೂಬುಗಳು, ಬೆನ್ನಿಗೆ ಅನಸ್ತೇಶಿಯಾ ಕೊಡುವ ಸ್ಪೈನಲ್ ಸೂಜಿಗಳು, ತುರ್ತು ಔಷಧಿ ಎಲ್ಲಾ ಅದರಲ್ಲೇ. ಕೇಸಿಗೆ ಇಷ್ಟು ಎಂದು ಹಣ. ಕೆಲವು ಕಡೆ ಅದು ಕೈಗೆ ಬರುವಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ.

ಈ ವ್ಯವಸ್ಥೆಯಲ್ಲಿ ಸರ್ಜನ್ನು, ಹೆರಿಗೆ ಡಾಕ್ಟರು ಒಂದು ರೀತಿ ಗಿರಾಕಿಗಳು. ಅವರು ಕರೆದಾಗ ‘ಬರಲ್ಲ’ ಅಂದರೆ ಇನ್ನೊಬ್ಬರನ್ನು ಕರೆಯುತ್ತಾರೆ. ಎರಡು ಸಲ ಹಾಗಾದರೆ ಮೂರನೇ ಸಲ ಫೋನೇ ಬರುವುದಿಲ್ಲ. ಊರಿನಲ್ಲಿ ಇನ್ನಿಬ್ಬರು ಅರಿವಳಿಕೆ ತಜ್ಞರಿದ್ದರು. ಅವರಲ್ಲಿ ಒಬ್ಬರ ಜೊತೆ ಮೇಡಂಗೆ ಮಾತೇ ಇರಲಿಲ್ಲ. ಹಿಂದೆ ಅವರು ರೇಟು ಇಳಿಸಿ ಒಂದು ನರ್ಸಿಂಗ್ ಹೋಮ್ ಕಿತ್ತುಕೊಂಡಿದ್ದರು ಎಂಬ ಸಿಟ್ಟು.

ಇನ್ನು ಕೆಲಸದ ಸ್ವರೂಪ. ಹಗಲು ಹರ್ನಿಯಾ, ಅಪೆಂಡಿಕ್ಸ್, ಗರ್ಭಕೋಶದ ಆಪರೇಷನ್, ಮೂಳೆ ಮುರಿತ. ರಾತ್ರಿ ಹೆಚ್ಚಾಗಿ ಸಿಸೇರಿಯನ್. ಮಗುವಿನ ಎದೆಬಡಿತ ಇಳಿಯುತ್ತಿದೆ ಅಂದರೆ ತೀರ್ಮಾನ ಆದ 30 ನಿಮಿಷದೊಳಗೆ ಮಗು ಹೊರಗೆ ಬರಬೇಕು ಎಂಬುದು ಎಲ್ಲ ಕಡೆ ಒಪ್ಪಿರುವ ಗುರಿ. ಹಾಗಾಗಿ ಅರಿವಳಿಕೆ ತಜ್ಞರು ಊರು ಬಿಟ್ಟು ಇಪ್ಪತ್ತು ಕಿಲೋಮೀಟರ್ ಹೋಗಲೂ ಯೋಚಿಸಬೇಕು. ಇದರ ಜೊತೆಗೆ ಮುಹೂರ್ತದ ಸಿಸೇರಿಯನ್‌ಗಳು. ಮನೆಯವರು ಜೋಯಿಸರ ಹತ್ತಿರ ಕೇಳಿಕೊಂಡು ಬಂದು, ‘ಬೆಳಗಿನ ಜಾವ ನಾಲ್ಕೂವರೆಯಿಂದ ಐದರೊಳಗೆ ಮಗು ಆಗಬೇಕು ಡಾಕ್ಟ್ರೇ’ ಅನ್ನುತ್ತಾರೆ. ಹೆರಿಗೆ ಡಾಕ್ಟರು ಒಪ್ಪುತ್ತಾರೆ, ಯಾಕೆಂದರೆ ಅವರು ಒಪ್ಪದಿದ್ದರೆ ಪಕ್ಕದ ರಸ್ತೆಯವರು ಒಪ್ಪುತ್ತಾರೆ. ಅಲ್ಲಿಗೆ ಅರಿವಳಿಕೆ ತಜ್ಞರೂ ಎದ್ದು ಹೋಗಲೇಬೇಕು. ಮೇಡಂಗೆ ಖಚಿತವಾಗಿ ಬಿಡುವು ಸಿಗುತ್ತಿದ್ದದ್ದು ಅಮಾವಾಸ್ಯೆ ದಿನ ಮಾತ್ರ. ಅವತ್ತು ಯಾರೂ ತಾವಾಗಿ ಆಪರೇಷನ್‌ಗೆ ಒಪ್ಪುವುದಿಲ್ಲ.

ಇದು ಇವರೊಬ್ಬರ ದುರದೃಷ್ಟ ಅಂದುಕೊಳ್ಳಬಾರದು. ಕೇಂದ್ರ ಸರ್ಕಾರದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರಲ್ಲಿ ಸುಮಾರು ಶೇ 80ರಷ್ಟು ಕೊರತೆ ಇತ್ತು. ಅರಿವಳಿಕೆ ತಜ್ಞರು ಸಿಗದೇ ಎಂಬಿಬಿಎಸ್ ಡಾಕ್ಟರುಗಳಿಗೇ 18 ವಾರದ ತರಬೇತಿ ಕೊಟ್ಟು ತುರ್ತು ಹೆರಿಗೆಗಳಿಗೆ ಅನಸ್ತೇಶಿಯಾ ಕೊಡಿಸುವ ಯೋಜನೆಯನ್ನು ಸರ್ಕಾರ ಮಾಡಬೇಕಾಯಿತು. ಮೂರು ಜನ ತಜ್ಞರಿರುವ ತಾಲೂಕು ಊರು ಇದ್ದುದರಲ್ಲಿ ಪುಣ್ಯವಂತ ಊರು.

ನನ್ನ ಬಳಿ ಬಂದಾಗ

ಅವರು ಬಂದದ್ದು ದಣಿವಿನ ಬಗ್ಗೆ ಹೇಳಲು ಅಲ್ಲ. ನಿದ್ದೆ ಮಾತ್ರೆ ಬರೆಸಿಕೊಳ್ಳಲು. ‘ಡಾಕ್ಟ್ರೇ, ಫೋನ್ ಬರದ ರಾತ್ರಿಯೂ ನಿದ್ದೆ ಬರ್ತಿಲ್ಲ. ಸುಮ್ನೆ ಒಂದು ಸ್ಟ್ರಿಪ್ ಬರ್ಕೊಡಿ’ ಅಂದರು. ಕ್ಲಿನಿಕ್ಕಿನ ಸಮಯ ಮುಗಿದ ಮೇಲೆ, ಬೇರೆ ಯಾರೂ ಇಲ್ಲದಾಗ ಬಂದಿದ್ದರು. ವೈದ್ಯರು ಮನೋವೈದ್ಯರ ಹತ್ತಿರ ಬರುವುದು ಹೆಚ್ಚಾಗಿ ಹೀಗೇ.

ಅರಿವಳಿಕೆ ತಜ್ಞರು ನಿದ್ದೆ ಕೇಳಿಕೊಂಡು ಬಂದಾಗ ನಾನು ಒಂದು ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತೇನೆ. ಬೇರೆಯವರ ಕೈಗೆ ಸಿಗದ ಔಷಧಿಗಳು ಅವರ ಬ್ಯಾಗಿನಲ್ಲೇ ಇರುತ್ತವೆ. ‘ಬ್ಯಾಗಿನಿಂದ ಏನಾದರೂ ತೆಗೆದುಕೊಂಡಿದ್ದೀರಾ?’ ಇಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಂದು ಸಲ ಯೋಚನೆ ಬಂದಿತ್ತು, ಅದಕ್ಕೇ ಇಲ್ಲಿಗೆ ಬಂದೆ’ ಅಂದರು. ‘ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿರುತ್ತೆ’ ಎಂದು ಕೆಲವು ಸಲ ಅನ್ನಿಸಿದೆ, ಆದರೆ ಪ್ರಾಣ ತೆಗೆದುಕೊಳ್ಳುವ ಯೋಜನೆ ಇಲ್ಲ ಎಂದೂ ಹೇಳಿದರು. ಈ ಪ್ರಶ್ನೆ ಕೇಳಲು ಸಹೋದ್ಯೋಗಿಗಳು ಹಿಂಜರಿಯುತ್ತಾರೆ. ಕೇಳಿದರೆ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ. ಹಾಗೇನೂ ಆಗುವುದಿಲ್ಲ. ಕೇಳಿದಾಗ ಅವರ ಮುಖದಲ್ಲಿ ಕಂಡದ್ದು ನಿರಾಳ.

ಅವತ್ತು ಒಂದೂವರೆ ಗಂಟೆ ಮಾತಾಡಿದೆವು. ಫೋನಿನ ರಿಂಗ್‌ಟೋನ್ ಎಲ್ಲಿ ಕೇಳಿದರೂ ಎದೆ ಹೊಡೆದುಕೊಳ್ಳುತ್ತದೆ, ಟಿವಿಯಲ್ಲಿ ಕೇಳಿದರೂ ಸರಿ. ಸ್ನಾನಕ್ಕೆ ಹೋದರೆ ಫೋನ್ ಬಡಿದುಕೊಂಡಂತೆ ಭಾಸ. ಊಟ ಕಾರಿನಲ್ಲಿ. ಮಗಳ ಶಾಲೆಯ ಕಾರ್ಯಕ್ರಮಗಳಿಗೆ ಹೋಗುವುದನ್ನೇ ಬಿಟ್ಟಿದ್ದರು, ಯಾಕೆಂದರೆ ಅರ್ಧಕ್ಕೆ ಎದ್ದು ಬರುವುದಕ್ಕಿಂತ ಹೋಗದಿರುವುದೇ ವಾಸಿ ಅನ್ನಿಸಿತ್ತು. ಮನೆಯಲ್ಲಿ ಅತ್ತೆ ‘ಅಮ್ಮ ಮಲಗಿದ್ದಾಳೆ, ಮೆಲ್ಲಗೆ ಮಾತಾಡು’ ಎಂದು ಹೇಳಿ ಹೇಳಿ ಮಗಳು ಈಗ ಯಾವಾಗಲೂ ಮೆಲ್ಲಗೇ ಮಾತಾಡುತ್ತಾಳೆ. ಇದನ್ನು ಹೇಳುವಾಗ ಮಾತ್ರ ಅತ್ತರು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ವಿಷಯ. ಮೊದಲೆಲ್ಲಾ ಬೆನ್ನಿಗೆ ಸೂಜಿ ಹಾಕುವ ಮುಂಚೆ ಬಾಣಂತಿಯಾಗಲಿರುವ ಹುಡುಗಿಯ ಹತ್ತಿರ ಮಾತಾಡುತ್ತಿದ್ದರಂತೆ. ಯಾವ ಊರು, ಮೊದಲನೇ ಮಗುವಾ, ಹೆಸರು ಯೋಚಿಸಿದ್ದೀರಾ ಎಂದೆಲ್ಲ. ಈಗ ಕೇಳುವುದಿಲ್ಲ. ‘ನೋವಾಗುತ್ತಾ ಮೇಡಂ?’ ಅಂದರೆ ‘ಬಗ್ಗಮ್ಮ, ಅಲುಗಾಡಬೇಡ’ ಅಷ್ಟೇ. ‘ಯಾರ ಮುಖವೂ ನೆನಪಿರಲ್ಲ ಡಾಕ್ಟ್ರೇ. ಬರೀ ಬೆನ್ನು ನೆನಪಿರುತ್ತೆ’ ಅಂದರು.

ದಣಿದ ಮನಸ್ಸಿನ ಚಿತ್ರ ಇದು. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ಉಚಿತ ಕ್ಲಿನಿಕ್ಕಿನಲ್ಲಿ ಸೇವೆ ಮಾಡುವವರನ್ನು ನೋಡಿ ಇದಕ್ಕೆ ಬರ್ನ್‌ಔಟ್ ಎಂದು ಹೆಸರಿಟ್ಟು ಬರೆದರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸಂಗಡಿಗರು ಇದರಲ್ಲಿ ಮೂರು ಎಳೆಗಳನ್ನು ಗುರುತಿಸಿದರು. ಒಳಗಿನ ಶಕ್ತಿ ಬತ್ತುವುದು, ಎದುರಿನ ಮನುಷ್ಯ ಮನುಷ್ಯನಂತೆ ಕಾಣದಿರುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಅನ್ನಿಸುವುದು. ಮೇಡಂ ಹೇಳಿದ ಬೆನ್ನಿನ ಮಾತು ಎರಡನೇ ಎಳೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ಪಟ್ಟಿಯಲ್ಲಿ ಬರ್ನ್‌ಔಟ್ ರೋಗಗಳ ಸಾಲಿನಲ್ಲಿಲ್ಲ. ಕೆಲಸದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೇ ಹೋದಾಗ ಬರುವ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಅದನ್ನು ಕರೆದಿದ್ದಾರೆ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಕೆಲಸದಿಂದ ಬಂದದ್ದಕ್ಕೆ ಮನುಷ್ಯನನ್ನು ಮಾತ್ರ ರಿಪೇರಿ ಮಾಡಲು ಹೊರಟರೆ ಅರ್ಧ ಚಿಕಿತ್ಸೆ ಆಗುತ್ತದೆ.

ಹಾಗೆಂದು ದೇಹವನ್ನು, ಖಿನ್ನತೆಯನ್ನು ಮರೆಯುವಂತಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ ಕಡಿಮೆ ಇತ್ತು. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅಂಕ 13, ಅಂದರೆ ಮಧ್ಯಮ ಮಟ್ಟದ ಖಿನ್ನತೆ. ನಿದ್ದೆ ಮಾತ್ರೆ ಕೊಡಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಸೂಜಿ ಹಿಡಿಯಬೇಕಾದವರಿಗೆ ಅದು ಅಪಾಯ. ಖಿನ್ನತೆಗೆ ಒಂದು ಮಾತ್ರೆ, ಕಬ್ಬಿಣಾಂಶದ ಮಾತ್ರೆ ಶುರು ಮಾಡಿದೆವು. ಹತ್ತು ದಿನಕ್ಕೊಮ್ಮೆ ಬರಬೇಕು, ಗಂಡನಿಗೆ ವಿಷಯ ಹೇಳಬೇಕು ಎಂದು ಒಪ್ಪಂದ ಆಯಿತು.

ಮೊದಲು ಮಾಡಿ ನೋಡಿದ್ದು

ಎಲ್ಲರೂ ಮೊದಲು ಹೇಳುವುದು ರಜೆ. ಗಂಡ ಕಾರು ತೆಗೆದು ಎಲ್ಲರನ್ನೂ ಧರ್ಮಸ್ಥಳ, ಕುಕ್ಕೆ, ಕೊಲ್ಲೂರಿಗೆ ಕರೆದುಕೊಂಡು ಹೋದರು. ಒಂದು ವಾರ. ಮೊದಲ ಎರಡು ದಿನ ಬರೀ ಮಲಗಿದರು. ಮೂರನೇ ದಿನದಿಂದ ಫೋನ್. ‘ಮೇಡಂ, ಯಾವಾಗ ಬರ್ತೀರಾ? ನೀವಿಲ್ಲ ಅಂತ ಪಕ್ಕದ ಊರಿಂದ ಕರೆಸ್ತಿದ್ದೀನಿ.’ ಹೇಳುವವರ ಮನಸ್ಸಿನಲ್ಲಿ ಏನೂ ಇರಲಿಕ್ಕಿಲ್ಲ. ಕೇಳುವವರಿಗೆ ಅದು ಎಚ್ಚರಿಕೆಯಂತೆ ಕೇಳಿಸಿತು. ವಾಪಸ್ ಬಂದ ಹದಿನೈದು ದಿನಕ್ಕೆ ಎಲ್ಲಾ ಮೊದಲಿನ ಹಾಗೇ.

ಆಮೇಲೆ ಪ್ರಾಣಾಯಾಮ. ಬೆಳಿಗ್ಗೆ ಐದಕ್ಕೆ ಎದ್ದು ಮಾಡಬೇಕು ಎಂದು ಯಾರೋ ಹೇಳಿದ್ದರು. ಪ್ರಾಣಾಯಾಮ ಒಳ್ಳೆಯದೇ. ಆದರೆ ರಾತ್ರಿ ಮೂರಕ್ಕೆ ಮನೆಗೆ ಬಂದವರು ಐದಕ್ಕೆ ಏಳುವುದರಲ್ಲಿ ಏನು ಅರ್ಥ? ಇದ್ದ ನಿದ್ದೆಯೂ ಹೋಯಿತು. ನಾನೇ ನಿಲ್ಲಿಸಿ ಅಂದೆ.

ಮೂರನೆಯದು, ಕೆಲಸ ಕಡಿಮೆ ಮಾಡಿಕೊಳ್ಳುವುದು. ಹಣ ತಡ ಮಾಡುವ ಎರಡು ನರ್ಸಿಂಗ್ ಹೋಮ್‌ಗಳನ್ನು ಬಿಟ್ಟರು. ಇದು ಸರಿಯಾದ ಹೆಜ್ಜೆ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು. ಬಿಟ್ಟ ಎರಡೂ ಹಗಲು ಕೇಸಿನ ಜಾಗಗಳು. ರಾತ್ರಿ ಕರೆಯುವ ನಾಲ್ಕೂ ಉಳಿದವು. ಆದಾಯ ಇಳಿಯಿತು, ರಾತ್ರಿಗಳು ಹಾಗೇ ಇದ್ದವು. ಮನೆ ಸಾಲದ ಕಂತು ಇದ್ದುದರಿಂದ ಗಂಡ ಹೆಂಡತಿ ನಡುವೆ ಮಾತು ಬೆಳೆಯಿತು. ‘ದುಡ್ಡೂ ಕಡಿಮೆ, ನೀನೂ ಮನೇಲಿಲ್ಲ’ ಎಂದು ಗಂಡ ಹೇಳಿದ್ದು ಅವರಿಗೆ ಬಹಳ ನೋವು ಕೊಟ್ಟಿತು. ಗಂಡನನ್ನು ಕರೆಸಿ ಮಾತಾಡಿದಾಗ ಗೊತ್ತಾಯಿತು, ಅವರೂ ಹೆದರಿದ್ದರು. ರಾತ್ರಿ ಹೆಂಡತಿ ಕಾರು ತೆಗೆದ ಮೇಲೆ ವಾಪಸ್ ಬರುವವರೆಗೂ ಅವರಿಗೂ ನಿದ್ದೆ ಇರಲಿಲ್ಲ.

ಈ ನಡುವೆ ನಗರದ ದೊಡ್ಡ ಆಸ್ಪತ್ರೆಯೊಂದರಿಂದ ಸಂಬಳದ ಕೆಲಸಕ್ಕೆ ಕರೆ ಬಂತು. ಶಿಫ್ಟ್ ಡ್ಯೂಟಿ, ವಾರಕ್ಕೊಂದು ರಜೆ. ನಾನು ಹೋಗಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಅವರು ಒಂದು ತಿಂಗಳು ಯೋಚಿಸಿ ಬೇಡ ಅಂದರು. ಮಗಳ ಎಸ್ಸೆಸ್ಸೆಲ್ಸಿ ಒಂದು ಕಾರಣ. ಇನ್ನೊಂದು ಕಾರಣವನ್ನು ಅವರ ಮಾತಲ್ಲೇ ಹೇಳುತ್ತೇನೆ: ‘ನಾನು ಹೋದರೆ ಉಳಿದ ಇಬ್ಬರೂ ಹೀಗೇ ಆಗ್ತಾರೆ. ಆಮೇಲೆ ಈ ಊರಲ್ಲಿ ರಾತ್ರಿ ಹೆರಿಗೆ ಕಷ್ಟ ಆದವರು ಎಲ್ಲಿಗೆ ಹೋಗ್ಬೇಕು?’ ಇಷ್ಟು ದಣಿದವರ ಬಾಯಲ್ಲಿ ಈ ಮಾತು ಕೇಳಿ ನನಗೆ ಆಶ್ಚರ್ಯ ಆಯಿತು. ಕೆಲಸದ ಮೇಲಿನ ಪ್ರೀತಿ ಇನ್ನೂ ಒಳಗೆ ಇತ್ತು.

ಆ ರಾತ್ರಿ

ತಿರುವು ಬಂದದ್ದು ಒಂದು ಸಿಸೇರಿಯನ್‌ನಲ್ಲಿ. ಹಿಂದಿನ ಬೆಳಿಗ್ಗೆ ಆರೂವರೆಗೆ ಎದ್ದಿದ್ದರು. ಹಗಲೆಲ್ಲಾ ಕೇಸು. ರಾತ್ರಿ ಹನ್ನೊಂದಕ್ಕೆ ಒಂದು ಅಪೆಂಡಿಕ್ಸ್ ಮುಗಿಸಿದ್ದರು. ಮಲಗಿ ಎಷ್ಟು ಹೊತ್ತಾದರೂ ಕಣ್ಣು ಹತ್ತಲಿಲ್ಲ, ಅಷ್ಟರಲ್ಲಿ ಮತ್ತೆ ಕರೆ. ಓಟಿ ತಲುಪಿದಾಗ ಮೂರು ಗಂಟೆ ದಾಟಿತ್ತು.

ಸ್ಪೈನಲ್‌ಗೆ, ಅಂದರೆ ಬೆನ್ನಿಗೆ ಕೊಡುವ ಅನಸ್ತೇಶಿಯಾಗೆ, ಬೇಕಾದ ಔಷಧಿ ಬುಪಿವಕೇನ್. ಸಿಸೇರಿಯನ್‌ಗಳಲ್ಲಿ ರಕ್ತಸ್ರಾವ ತಡೆಯಲು ಇಡುವ ಇನ್ನೊಂದು ಔಷಧಿ ಟ್ರಾನೆಕ್ಸಾಮಿಕ್ ಆಸಿಡ್. ಎರಡೂ ಸಣ್ಣ ಗಾಜಿನ ಆಂಪೂಲ್‌ಗಳಲ್ಲಿ, ನೀರಿನಂಥ ಬಣ್ಣದಲ್ಲಿ ಬರುತ್ತವೆ. ಒಂದೇ ಟ್ರೇಯಲ್ಲಿ ಇಟ್ಟರೆ ಅವಸರದಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಎರಡನೆಯದು ರಕ್ತನಾಳಕ್ಕೆ ಹೋದರೆ ಜೀವ ಉಳಿಸುತ್ತದೆ. ಬೆನ್ನುಹುರಿಯ ನೀರಿಗೆ ಹೋದರೆ ಫಿಟ್ಸ್ ಬರುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಸಾವೂ ಆಗುತ್ತದೆ. ಇದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಮೇಡಂ ಕೈ ಟ್ರೇ ಕಡೆ ಹೋಗಿ ಒಂದು ಆಂಪೂಲ್ ಎತ್ತಿತು. ಎದುರಿಗಿದ್ದ ಸಿಸ್ಟರ್ ‘ಮೇಡಂ, ಅದು ಟ್ರಾನೆಕ್ಸಾ’ ಅಂದರು. ಮೇಡಂ ಆಂಪೂಲ್ ಕೆಳಗಿಟ್ಟರು. ಸರಿಯಾದದ್ದನ್ನು ತೆಗೆದುಕೊಂಡು, ಗಟ್ಟಿಯಾಗಿ ಹೆಸರು ಓದಿ, ಸಿಸ್ಟರ್‌ಗೂ ಓದಿಸಿ ಸ್ಪೈನಲ್ ಕೊಟ್ಟರು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಔಷಧಿ ಸಿರಿಂಜಿಗೂ ಹೋಗಿರಲಿಲ್ಲ, ಯಾರಿಗೂ ಏನೂ ಆಗಲಿಲ್ಲ.

ಆಗ ಅವರು ಎಚ್ಚರವಾಗಿ 20 ಗಂಟೆ ದಾಟಿತ್ತು. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಒಂದು ಅಧ್ಯಯನ ಇದೆ. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 100 ಮಿಲಿಲೀಟರ್‌ಗೆ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ 30 ಮಿಲಿಗ್ರಾಂ ದಾಟಿದರೆ ಗಾಡಿ ಓಡಿಸುವುದೇ ಅಪರಾಧ. ಈ ಲೆಕ್ಕವನ್ನು ನಾನು ಮೇಡಂಗೆ ಹೇಳಿದ್ದು ಅವರನ್ನು ಹೆದರಿಸಲು ಅಲ್ಲ. ‘ನನಗೆ ವಯಸ್ಸಾಯ್ತು, ಬುದ್ಧಿ ಮಂಕಾಯ್ತು’ ಎಂದು ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಆ ರಾತ್ರಿ ಅಲ್ಲಿ ಯಾವ ಡಾಕ್ಟರ್ ನಿಂತಿದ್ದರೂ ಹಾಗೇ ಆಗಬಹುದಿತ್ತು ಎಂದು ಅವರಿಗೆ ಗೊತ್ತಾಗಬೇಕಿತ್ತು.

ಮಾರನೇ ದಿನ ಅವರು ಎರಡು ಕೆಲಸ ಮಾಡಿದರು. ಎರಡೂ ಅವರದೇ ತೀರ್ಮಾನ. ಒಂದು, ಆ ನರ್ಸಿಂಗ್ ಹೋಮ್‌ಗೆ ಹೋಗಿ ನಡೆದದ್ದನ್ನು ಹೆರಿಗೆ ಡಾಕ್ಟರ್ ಮುಂದೆ ಹೇಳಿ, ಟ್ರಾನೆಕ್ಸಾಮಿಕ್ ಆಸಿಡ್ ಆಂಪೂಲ್‌ಗಳನ್ನು ಅನಸ್ತೇಶಿಯಾ ಟ್ರೇಯಿಂದ ತೆಗೆಸಿ ಬೇರೆ ಕಪಾಟಿನಲ್ಲಿ ಇಡಿಸಿದರು. ಸಿಸ್ಟರ್‌ಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಿದರು. ಎರಡನೆಯದು ಇನ್ನೂ ಕಷ್ಟದ್ದು. ಮಾತು ಬಿಟ್ಟಿದ್ದ ಆ ಇನ್ನೊಬ್ಬ ಅರಿವಳಿಕೆ ತಜ್ಞರಿಗೆ ಫೋನ್ ಮಾಡಿದರು. ‘ಸರ್, ನಿನ್ನೆ ರಾತ್ರಿ ಹೀಗಾಯ್ತು. ನಿಮಗೂ ಹೀಗೆ ಆಗಿದ್ಯಾ?’ ಎಂದು ಕೇಳಿದರು. ಆ ಕಡೆಯಿಂದ ಬಂದ ಉತ್ತರ: ‘ಮೇಡಂ, ನಾನು ಹೋದ ತಿಂಗಳು ಸ್ಟಿಯರಿಂಗ್ ಮೇಲೆ ನಿದ್ದೆ ಹೋಗಿ ಡಿವೈಡರ್‌ಗೆ ಗುದ್ದಿದೆ. ಮನೇಲಿ ನಾಯಿ ಅಡ್ಡ ಬಂತು ಅಂದಿದ್ದೀನಿ.’

ಮೂವರು ಕೂತು ಮಾಡಿದ್ದು

ಆ ಭಾನುವಾರ ಮೂವರೂ ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ಸೇರಿದರು. ಹಳೇ ರೇಟಿನ ಜಗಳ ಮೊದಲು ಎದ್ದಿತು. ಅದು ಏಳಲೇಬೇಕಿತ್ತು. ಅದನ್ನು ಮುಗಿಸದೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಒಬ್ಬರು ಬಿಟ್ಟುಕೊಟ್ಟ ಜಾಗಕ್ಕೆ ಇನ್ನೊಬ್ಬರು ಕಡಿಮೆ ರೇಟು ಹೇಳಿ ನುಗ್ಗಬಾರದು ಎಂಬ ಮಾತಿಗೆ ಮೂವರೂ ಒಪ್ಪಿದ ಮೇಲೆ ರಾತ್ರಿಗಳ ಮಾತು ಶುರುವಾಯಿತು.

ಅವರು ಕಟ್ಟಿಕೊಂಡ ವ್ಯವಸ್ಥೆ ಹೀಗಿತ್ತು. ಹಗಲು ಯಾರ ಸರ್ಜನ್ ಯಾರನ್ನು ಕರೆಯುತ್ತಾರೋ ಅದು ಮೊದಲಿನಂತೇ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಊರಿಗೆಲ್ಲಾ ಒಂದೇ ಫೋನ್ ನಂಬರ್. ಬಟನ್ ಇರುವ ಹಳೇ ಮಾದರಿಯ ಫೋನೊಂದನ್ನು ಕೊಂಡರು. ಸರದಿ ಯಾರದೋ ಅವರ ಮನೆಗೆ ಸಂಜೆ ಆ ಫೋನ್ ಹೋಗುತ್ತದೆ. ಆ ರಾತ್ರಿಯ ಎಲ್ಲ ಕೇಸು, ಎಲ್ಲ ಹಣ ಅವರದ್ದೇ. ರಾತ್ರಿ ಕೇಸಿಗೆ ಹಗಲಿನ ಒಂದೂವರೆ ಪಟ್ಟು. ನಡುರಾತ್ರಿ ದಾಟಿ ದುಡಿದವರು ಮಾರನೇ ದಿನ ಹನ್ನೊಂದರ ಮುಂಚೆ ಕೇಸು ಹಿಡಿಯುವುದಿಲ್ಲ. ಒಂದೇ ಸಮಯಕ್ಕೆ ಎರಡು ತುರ್ತು ಬಂದರೆ ಮಾತ್ರ ಎರಡನೆಯವರನ್ನು ಎಬ್ಬಿಸಬೇಕು. ಮುಹೂರ್ತದ ಸಿಸೇರಿಯನ್ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರೊಳಗೆ ಮಾತ್ರ.

ಈ ಕೊನೆಯದರ ಬಗ್ಗೆ ಎಲ್ಲರಿಗೂ ಅನುಮಾನ ಇತ್ತು. ಜನ ಒಪ್ಪುವುದಿಲ್ಲ ಎಂದು ಹೆರಿಗೆ ಡಾಕ್ಟರುಗಳು ಹೇಳಿದರು. ಒಬ್ಬ ಹಿರಿಯ ಹೆರಿಗೆ ಡಾಕ್ಟರು ಮಾತ್ರ, ‘ಜೋಯಿಸರಿಗೆ ಹಗಲಿನ ಮುಹೂರ್ತ ಕೇಳಿ ಅಂತ ಹೇಳಿದರೆ ಆಯ್ತಪ್ಪ’ ಅಂದರು. ಹಾಗೇ ಆಯಿತು. ‘ಈ ಊರಲ್ಲಿ ರಾತ್ರಿ ಅನಸ್ತೇಶಿಯಾ ತುರ್ತಿಗೆ ಮಾತ್ರ’ ಎಂದು ಮೂವರೂ ಒಂದೇ ಮಾತು ಹೇಳಿದಾಗ ಮನೆಯವರು ಹಗಲಿನ ಹೊತ್ತು ಬರೆಸಿಕೊಂಡು ಬಂದರು. ಒಬ್ಬರೇ ಹೇಳಿದ್ದರೆ ಅದು ಸೊಕ್ಕಿನಂತೆ ಕಾಣುತ್ತಿತ್ತು.

ನಡೆದದ್ದು

ಮೊದಲ ತಿಂಗಳು ಸುಲಭ ಇರಲಿಲ್ಲ. ‘ನನಗೆ ನೀವೇ ಬೇಕು’ ಎಂದು ಒಬ್ಬ ಸರ್ಜನ್ ರಾತ್ರಿ ಒಂದಕ್ಕೆ ಮೇಡಂ ಅವರ ಸ್ವಂತ ನಂಬರಿಗೇ ಕರೆ ಮಾಡಿದರು. ಅವರು ಎತ್ತಿದರು, ಹೋದರು. ಸರದಿಯಲ್ಲಿದ್ದವರಿಗೆ ಬೆಳಿಗ್ಗೆ ಗೊತ್ತಾಗಿ ಸಿಟ್ಟು ಬಂತು. ವ್ಯವಸ್ಥೆ ಅಲ್ಲಿಗೇ ಮುರಿದುಬೀಳುವುದರಲ್ಲಿತ್ತು.

ನನ್ನ ಬಳಿ ಬಂದಾಗ ಕೇಳಿದೆ, ‘ಯಾಕೆ ಹೋದಿರಿ?’ ಬಹಳ ಹೊತ್ತಿನ ಮೇಲೆ ಉತ್ತರ ಬಂತು. ‘ನಾನೇ ಬೇಕು ಅಂದಾಗ ಖುಷಿ ಆಯ್ತು ಡಾಕ್ಟ್ರೇ.’ ಈ ಪ್ರಾಮಾಣಿಕತೆಗೆ ನಾನು ಕೈ ಮುಗಿದೆ. ದಣಿಸುವ ಕೆಲಸವೇ ನಮಗೆ ಬೆಲೆಯನ್ನೂ ಕೊಡುತ್ತಿರುತ್ತದೆ. ಫೋನ್ ನಿಂತರೆ ನಾನು ಯಾರಿಗೂ ಬೇಡವಾದೆನಾ ಎಂಬ ಭಯ ಹುಟ್ಟುತ್ತದೆ. ಮುಂದಿನ ಕೆಲವು ಭೇಟಿಗಳಲ್ಲಿ ನಾವು ಮಾತಾಡಿದ್ದು ಹೆಚ್ಚಾಗಿ ಇದನ್ನೇ. ಪ್ರಾಯೋಗಿಕವಾಗಿ ಒಂದು ಬದಲಾವಣೆ ಮಾಡಿದರು. ಸರದಿ ಇಲ್ಲದ ರಾತ್ರಿ ಸ್ವಂತ ಫೋನ್ ಹಾಲ್‌ನಲ್ಲಿ ಅತ್ತೆಯ ಹತ್ತಿರ ಇರುತ್ತದೆ. ಆಸ್ಪತ್ರೆಯಿಂದ ಕರೆ ಬಂದರೆ ಅತ್ತೆ, ‘ಇವತ್ತು ಇವಳ ಸರದಿ ಅಲ್ಲಪ್ಪ, ಆ ನಂಬರಿಗೆ ಮಾಡಿ’ ಅನ್ನುತ್ತಾರೆ. ಎಪ್ಪತ್ತು ದಾಟಿದ ಹಿರಿಯರ ಮಾತಿಗೆ ಯಾವ ಸರ್ಜನ್ನೂ ಎದುರು ಹೇಳಲಿಲ್ಲ. ಇಡೀ ಪ್ರಕರಣದಲ್ಲಿ ಅತ್ತೆಯ ಪಾತ್ರ ದೊಡ್ಡದು ಎಂದು ನನ್ನ ಅನಿಸಿಕೆ.

ಆ ಸರ್ಜನ್ ಪಕ್ಕದ ಊರಿನವರನ್ನು ಕರೆಸಲು ಶುರು ಮಾಡಿದರು. ಮೇಡಂ ಒಂದು ನರ್ಸಿಂಗ್ ಹೋಮ್ ಕಳೆದುಕೊಂಡರು. ಮೊದಲ ಮೂರು ತಿಂಗಳು ಆದಾಯ ಸುಮಾರು ಐದನೇ ಒಂದು ಭಾಗ ಇಳಿಯಿತು. ರಾತ್ರಿಯ ಹೆಚ್ಚಿನ ದರದಿಂದ ಆಮೇಲೆ ಅರ್ಧದಷ್ಟು ತುಂಬಿಬಂತು. ಪೂರ್ತಿ ಬರಲಿಲ್ಲ. ಸಾಲದ ಅವಧಿಯನ್ನು ಬ್ಯಾಂಕಿನಲ್ಲಿ ಮುಂದಕ್ಕೆ ಹಾಕಿಸಿಕೊಂಡು ಕಂತು ಇಳಿಸಿಕೊಂಡರು. ಇದನ್ನು ಮುಚ್ಚಿಟ್ಟು ‘ಎಲ್ಲಾ ಸರಿಹೋಯ್ತು’ ಎಂದು ಬರೆದರೆ ಓದುವ ವೈದ್ಯರಿಗೆ ಮೋಸ ಮಾಡಿದಂತೆ. ಬಿಡುವಿಗೆ ಬೆಲೆ ಇದೆ, ಅದನ್ನು ಮೊದಲೇ ಲೆಕ್ಕ ಹಾಕಿ ಮನೆಯವರೊಂದಿಗೆ ಮಾತಾಡಿಕೊಂಡವರು ಮಾತ್ರ ಉಳಿಸಿಕೊಳ್ಳುತ್ತಾರೆ.

ನಿದ್ದೆ ಮರಳಲು ಎರಡು ತಿಂಗಳು ಬೇಕಾಯಿತು. ಆರನೇ ತಿಂಗಳಿಗೆ ಪಿಎಚ್‌ಕ್ಯೂ-9 ಅಂಕ 5ಕ್ಕೆ ಇಳಿಯಿತು. ವರ್ಷ ತುಂಬುವ ಹೊತ್ತಿಗೆ ಮಾತ್ರೆಯನ್ನು ನಿಧಾನವಾಗಿ ನಿಲ್ಲಿಸಿದೆವು. ಮಾತ್ರೆಯಿಂದ ಎಷ್ಟು, ಸರದಿಯಿಂದ ಎಷ್ಟು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಆದರೆ ಸರದಿ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ಮಾತ್ರೆ ಇದ್ದರೂ ಸುಧಾರಣೆ ಸ್ವಲ್ಪವೇ ಇತ್ತು.

ಮಗಳ ವಿಷಯದಲ್ಲಿ ಅವರು ಅಂದುಕೊಂಡಂತೆ ಆಗಲಿಲ್ಲ. ಅಮ್ಮ ಮನೆಯಲ್ಲಿ ಇರಲು ಶುರುಮಾಡಿದಾಗ ಮಗಳಿಗೆ ಅಮ್ಮ ಇಲ್ಲದ ಮನೆ ಅಭ್ಯಾಸವಾಗಿತ್ತು. ಟ್ಯೂಷನ್ನು, ಗೆಳತಿಯರು, ಅಜ್ಜಿ. ಮೇಡಂಗೆ ಇದು ಕಷ್ಟವಾಯಿತು. ಮಾತಾಡಿಸಲು ಹೋದರೆ ‘ಓದ್ಬೇಕಮ್ಮ’ ಅನ್ನುತ್ತಿದ್ದಳು. ಒತ್ತಾಯ ಮಾಡಬೇಡಿ, ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡುವ ಕೆಲಸ ನೀವೇ ಹಿಡಿಯಿರಿ ಎಂದೆ. ಹನ್ನೊಂದರವರೆಗೆ ಕೇಸು ಇಲ್ಲದ ದಿನ ಅದು ಸಾಧ್ಯವಿತ್ತು. ಕಾರಿನಲ್ಲಿ ಹತ್ತು ನಿಮಿಷ. ಮಾತು ನಿಧಾನವಾಗಿ ಅಲ್ಲಿಂದ ಶುರುವಾಯಿತು.

ಇದರಿಂದ ತಿಳಿದದ್ದು

ರಜೆ, ಯೋಗ, ಮಾತ್ರೆ ಇವು ಒಬ್ಬ ವ್ಯಕ್ತಿಗೆ ಮಾಡುವ ಉಪಾಯಗಳು. ಈ ಪ್ರಕರಣದಲ್ಲಿ ತೊಂದರೆಯ ಬೇರು ಇದ್ದದ್ದು ಮೂವರ ನಡುವೆ. ಮೂವರೂ ಪ್ರತಿ ರಾತ್ರಿ ಎಚ್ಚರ ಇರುತ್ತಿದ್ದರು, ಊರಿಗೆ ಬೇಕಾಗಿದ್ದದ್ದು ಒಬ್ಬರು. ಪೈಪೋಟಿಯ ಕಾರಣಕ್ಕೆ ಆ ಸರಳ ಲೆಕ್ಕ ಯಾರಿಗೂ ಕಾಣಲಿಲ್ಲ. ನನ್ನ ಬಳಿ ಬರುವ ತಜ್ಞರಿಗೆ ಈಗ ನಾನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ನಿಮ್ಮ ಊರಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರ ಜೊತೆ ನೀವು ಕೊನೆಯ ಸಲ ಮಾತಾಡಿದ್ದು ಯಾವಾಗ?

ಕೆಲಸ ಕಡಿಮೆ ಮಾಡುವಾಗ ಯಾವ ಕೆಲಸ ಎಂಬುದು ಮುಖ್ಯ. ಹಗಲಿನ ಎರಡು ಆಸ್ಪತ್ರೆ ಬಿಟ್ಟದ್ದು ಏನೂ ಕೊಡಲಿಲ್ಲ. ವಾರದಲ್ಲಿ ನಾಲ್ಕು ರಾತ್ರಿ ಖಚಿತವಾಗಿ ನಿದ್ದೆ ಸಿಕ್ಕಿದ್ದು ಎಲ್ಲಾ ಬದಲಿಸಿತು. ಫೋನ್ ಬರಬಹುದು ಎಂದು ಕಾಯುತ್ತಾ ಮಲಗುವುದು ನಿದ್ದೆಯಲ್ಲ, ಅದೂ ಡ್ಯೂಟಿಯೇ.

ಇನ್ನೊಂದು ವಿಷಯ ಸಿಸ್ಟರ್‌ದು. ಆ ರಾತ್ರಿ ಅವರು ಬಾಯಿ ಬಿಟ್ಟು ಹೇಳಿದರು. ಬೈಯುವ ಡಾಕ್ಟರ್ ಮುಂದೆ ಎಷ್ಟೋ ಸಿಸ್ಟರ್‌ಗಳು ಹೇಳುವುದಿಲ್ಲ. ದಣಿದ ಡಾಕ್ಟರು ಹೆಚ್ಚು ಸಿಡುಕುತ್ತಾರೆ, ಸಿಡುಕುವ ಕಡೆ ಯಾರೂ ಎಚ್ಚರಿಸುವುದಿಲ್ಲ. ಬರ್ನ್‌ಔಟ್ ರೋಗಿಗೆ ಅಪಾಯವಾಗುವ ಒಂದು ದಾರಿ ಇದು.

ಈ ವ್ಯವಸ್ಥೆ ಎಲ್ಲ ತಜ್ಞರಿಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಅದೇ ಊರಿನ ಹೆರಿಗೆ ಡಾಕ್ಟರುಗಳು ಇದನ್ನು ನೋಡಿ ತಾವೂ ಸರದಿ ಮಾಡಲು ಕೂತರು. ಆಗಲಿಲ್ಲ. ಒಂಬತ್ತು ತಿಂಗಳು ತೋರಿಸಿಕೊಂಡ ಹೆಣ್ಣುಮಗಳು ಹೆರಿಗೆ ಹೊತ್ತಿಗೆ ಅದೇ ಡಾಕ್ಟರ್ ಇರಬೇಕು ಅನ್ನುತ್ತಾಳೆ, ಅದು ಸಹಜ. ಅರಿವಳಿಕೆ ತಜ್ಞರನ್ನು ರೋಗಿ ಆರಿಸಿಕೊಂಡು ಬರುವುದಿಲ್ಲ, ಹಾಗಾಗಿ ಅವರಿಗೆ ಹಂಚಿಕೊಳ್ಳುವುದು ಸುಲಭವಾಯಿತು. ಹೆರಿಗೆ ಡಾಕ್ಟರುಗಳಿಗೆ ಬೇರೆ ದಾರಿ ಬೇಕು. ಇಬ್ಬರು ಸೇರಿ ಒಂದೇ ಕ್ಲಿನಿಕ್ ನಡೆಸಿ, ರೋಗಿಗೆ ಮೊದಲ ತಿಂಗಳಿಂದಲೇ ಇಬ್ಬರ ಪರಿಚಯವೂ ಇರುವಂತೆ ಮಾಡುವುದು ಒಂದು ದಾರಿ ಎಂದು ನನಗೆ ಅನ್ನಿಸುತ್ತದೆ.

ಓದುವವರಲ್ಲಿ ಯಾರಿಗಾದರೂ ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತಿದ್ದರೆ, ಪರಿಚಯದ ಮನೋವೈದ್ಯರ ಹತ್ತಿರ ಹೋಗಲು ಮುಜುಗರವಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 24 ಗಂಟೆಯೂ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗಿನ ಸ್ಥಿತಿ

ಎರಡು ವರ್ಷದ ನಂತರ ಮೂವರಲ್ಲಿ ಕಿರಿಯರು ಬೆಂಗಳೂರಿಗೆ ಹೋದರು. ಉಳಿದ ಇಬ್ಬರು ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಎಂದು ಮಾಡಿಕೊಂಡರು. ಅದು ಜಾಸ್ತಿ ಎಂದು ಇಬ್ಬರಿಗೂ ಬೇಗ ಗೊತ್ತಾಯಿತು. ಈ ಸಲ ದಣಿವು ಹತ್ತುವವರೆಗೆ ಕಾಯಲಿಲ್ಲ. ಪಕ್ಕದ ತಾಲೂಕಿನ ತಜ್ಞರೊಬ್ಬರನ್ನು ಕೇಳಿ, ವಾರಕ್ಕೆ ಎರಡು ರಾತ್ರಿ ಈ ಊರಿನಲ್ಲೇ ಉಳಿಯುವಂತೆ ಮಾಡಿದರು. ಅವರಿಗೆ ಉಳಿಯಲು ಕೋಣೆ ಕೊಟ್ಟಿರುವುದು ಆ ಹಿರಿಯ ಹೆರಿಗೆ ಡಾಕ್ಟರು. ಮೂರನೆಯವರನ್ನು ಕಾಯಂ ಆಗಿ ತರಬೇಕು ಎಂದು ಮೇಡಂ ಈಗ ತಾವು ಓದಿದ ಕಾಲೇಜಿನ ಪಿಜಿ ವಿದ್ಯಾರ್ಥಿಗಳ ಹತ್ತಿರ ಮಾತಾಡುತ್ತಿದ್ದಾರೆ. ಊರಿಗೆ ಬರಲು ಕೇಳುವಾಗ ಅವರು ಮೊದಲು ಹೇಳುವುದು ಆದಾಯ ಎಷ್ಟು ಎಂದಲ್ಲ, ವಾರದಲ್ಲಿ ಎಷ್ಟು ರಾತ್ರಿ ಫೋನ್ ಬರುವುದಿಲ್ಲ ಎಂದು.